ಮೊಣಕೈ ಮಟ್ಟ

ಜೂನ್ ೩, ಮಂಗಳವಾರ

ಇಷ್ಟು ಬರೆಯುವಷ್ಟರಲ್ಲಿ ಚಹಾ ಆರಿಹೋಯಿತು. ಬರೆಯಲು ಹೇಳಿದವಳು ನೇಹಾ, ವಾರಕ್ಕೆರಡು ಸಲ ಬಂದು ನನ್ನ ಬಲಗೈ ಬಲಗಾಲು ಎಳೆದು ಬಗ್ಗಿಸಿ ಹೋಗುವ ಫಿಜಿಯೋಥೆರಪಿ ಹುಡುಗಿ. "ಏನಾದ್ರೂ ಬರೀರಿ ಅಂಕಲ್, ಗೀಚಿದ್ರೂ ನಡೀತದ. ಬೆರಳಿಗಿ ಕೆಲಸ ಬೇಕು" ಅಂದಳು. ಬರೆದದ್ದನ್ನು ಯಾರಿಗೆ ತೋರಿಸಬೇಕು ಅಂದೆ. ಯಾರಿಗೂ ಬೇಡವಂತೆ. ಹಾಗಾದರೆ ಒಳ್ಳೆಯದೇ ಆಯಿತು, ಮನಸ್ಸಿಗೆ ಬಂದಷ್ಟು ಬೈದುಕೊಳ್ಳಬಹುದು.

ಯುಗಾದಿ ಮುಗಿದ ವಾರ ನನಗೆ ಲಕ್ವಾ ಹೊಡೆಯಿತು. ಜಹೀರಾಬಾದಿನ ಒಂದು ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಮರಗೆಲಸ ಕಲಿಸುವುದು ನನ್ನ ನೌಕರಿ. ಆದರೆ ನನ್ನ ಜೀವ ಇರುವುದು ಮನೆಯ ಹಿಂದಿನ ಕೋಣೆಯ ಸ್ಕ್ರೋಲ್ ಸಾ ಮಷೀನಿನಲ್ಲಿ. ಅದರಲ್ಲಿ ನೂಲಿನಂಥ ಒಂದು ಬ್ಲೇಡು ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ಎರಡೂ ಕೈಯಿಂದ ಹಲಗೆಯನ್ನು ತಿರುಗಿಸುತ್ತ ಅದರ ಬಾಯಿಗೆ ಕೊಡಬೇಕು. ಬಳ್ಳಿ, ಹೂವು, ಗಿಳಿ, ಏನು ಬೇಕಾದರೂ ಹಲಗೆಯಲ್ಲಿ ಜಾಲಂಧ್ರದಂಥ ಜಾಲಿಯಾಗಿ ಬಿಡುತ್ತದೆ. ಅವತ್ತು ಪರಿಚಯದ ಮನ್ಮಥಪ್ಪನ ಹೊಸ ಮನೆಯ ದೇವರ ಕೋಣೆಗೆ ಜಾಲಿ ಕೊಯ್ಯುತ್ತಿದ್ದೆ. ಅರ್ಧಕ್ಕೆ ಬಂದಾಗ ಬಿದ್ದೆ. ಇವಳು, ಅಂದರೆ ನನ್ನ ಹೆಂಡತಿ ಜಗದೇವಿ, ಓಡಿ ಬಂದವಳೇ ಮೊದಲು ಮಷೀನು ಬಂದ್ ಮಾಡಿ ಆಮೇಲೆ ನನ್ನನ್ನು ನೋಡಿದಳಂತೆ. ಮಾಸ್ತರನ ಹೆಂಡತಿಗೆ ಇಷ್ಟು ಶಿಸ್ತು ಬಂದದ್ದಕ್ಕೆ ಖುಷಿಪಡಬೇಕೋ ಬೇಡವೋ ಇನ್ನೂ ತಿಳಿದಿಲ್ಲ.

ಜಾಲಿ ಹಾಗೇ ಇದೆ, ಬ್ಲೇಡು ಅದರೊಳಗೇ ಸಿಕ್ಕಿಕೊಂಡಿದೆ. ಇವತ್ತು ಕೋಲು ಹಿಡಿದು ಹೋಗಿ ನೋಡಿ ಬಂದೆ. ಮಷೀನು ಕೂತಿರುವುದು ನಮ್ಮಪ್ಪನ ಕಾಲದ ಊಟದ ಮೇಜಿನ ಮೇಲೆ. ಎಷ್ಟು ಕೆಳಗಿದೆ ಅಂದರೆ ಬಗ್ಗಿ ಬಗ್ಗಿ ಕೆಲಸ ಮಾಡಬೇಕು. ಈಗಿನ ಮೈಗೆ ಆ ಬಗ್ಗುವಿಕೆ ಆಗದು. ಸರಿಯಾದ ಎತ್ತರದ ಒಂದು ಸ್ಟ್ಯಾಂಡ್ ಮಾಡಿಸಿಕೊಂಡರೆ ಮಿಕ್ಕದ್ದೆಲ್ಲ ತಾನೇ ಬರುತ್ತದೆ.

ಜೂನ್ ೬, ಶುಕ್ರವಾರ

ಸ್ಟ್ಯಾಂಡಿನ ಮಾತೆತ್ತಿದ ಕೂಡಲೇ ಇವಳ ಬುದ್ಧಿವಾದ ಶುರುವಾಯಿತು. "ಕೂತ್ಕೊಂಡು ಮಾಡ್ರಿ. ನಾ ಹೊಲಿಗಿ ಮಷೀನ್ ಕೂತೇ ಹೊಡೀತೀನಲ್ರಿ? ಎರಡೂ ಒಂದೇ ಅವ. ನಂದು ಅರಿವಿ, ನಿಮ್ದು ಹಲಗಿ."

ಎರಡೂ ಒಂದೇ ಅಂತೆ! ಮೂರು ದಶಕ ಹುಡುಗರಿಗೆ ನಿಂತು ಕಲಿಸಿದವನಿಗೆ ಬ್ಲೌಜು ಹೊಲಿಯುವವಳ ಪಾಠ. ಮರಗೆಲಸ ನಿಂತೇ ಮಾಡುವಂಥದು, ಮಷೀನಿನ ಮೇಜು ಮೊಣಕೈ ಮಟ್ಟಕ್ಕಿರಬೇಕು, ಭುಜ ಸಡಿಲ ಇರಬೇಕು, ಕತ್ತು ಬಗ್ಗಬಾರದು ಎಂದು ಉಪನ್ಯಾಸವನ್ನೇ ಕೊಟ್ಟೆ. ಬಾಯಿ ಇನ್ನೂ ಸ್ವಲ್ಪ ಸೊಟ್ಟ ಇರುವುದರಿಂದ ಮಾತು ತೊದಲುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡು "ಆತು ಬಿಡ್ರಿ" ಅಂದು ಒಳಗೆ ಹೋದಳು. ಈಚೆಗೆ ಎಲ್ಲದಕ್ಕೂ ಹೀಗೇ ಒಪ್ಪಿಬಿಡುತ್ತಾಳೆ. ಮೊದಲಿನ ಹಾಗೆ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

ಶ್ರಾವಣದ ಎರಡನೇ ಸೋಮವಾರ ಮನ್ಮಥಪ್ಪನ ಗೃಹಪ್ರವೇಶ. ಆ ಜಾಲಿ ನನ್ನ ಕೈಯಿಂದಲೇ ಮುಗಿಯಬೇಕು. ಮುಗಿಯದಿದ್ದರೆ ನಾನು ಯಾರು ಎಂಬುದು ನನಗೆ ಗೊತ್ತಿಲ್ಲ. ಇದನ್ನು ಬಾಯಿ ಬಿಟ್ಟು ಯಾರ ಮುಂದೂ ಹೇಳಲಾರೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಜೂನ್ ೧೨, ಗುರುವಾರ

ಆಟೋ ಮಾಡಿಕೊಂಡು ಸಿದ್ದರಾಮನ ವೆಲ್ಡಿಂಗ್ ಅಂಗಡಿಗೆ ಹೋಗಿ ಬಂದೆವು. ಸಿದ್ದರಾಮ ಝರಾಸಂಗದವನು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಹಿಂದೊಮ್ಮೆ ನನ್ನ ಕೈಯಲ್ಲೇ ಕಲಿಯಲು ಬಂದು, ಮರ ಒಲಿಯಲಿಲ್ಲವೆಂದು ಕಬ್ಬಿಣಕ್ಕೆ ಹೋದವನು. ನನ್ನನ್ನು ನೋಡಿ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ಬಂದ. ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೇನೋ ಎಂದು ಹೆದರಿ ಮೊದಲೇ ಗದರಿಸಿದೆ.

ಕನ್ನಡಿ ಮುಂದೆ ನಿಂತವನ ಹಾಗೆ ನೆಟ್ಟಗೆ ನಿಂತು ಮೊಣಕೈ ಮಡಚಿದೆ. ಅವನು ನೆಲದಿಂದ ಟೇಪು ಹಿಡಿದ. ನಲವತ್ತೊಂದು ಇಂಚು ಬಂತು. ಅದರಿಂದ ಮಷೀನಿನ ಎತ್ತರ ಕಳೆದು ಸ್ಟ್ಯಾಂಡಿನ ಅಳತೆ ಬರೆಸಿದೆ.

"ಒಂದ ಎತ್ತರಕ್ಕ ವೆಲ್ಡಿಂಗ್ ಹೊಡದು ಬಿಡೂದು ಬ್ಯಾಡ್ರಿ ಸರ್. ಪೈಪಿನಾಗ ಪೈಪ್ ಕೂಡಸ್ತೀನಿ, ಇಂಚಿಗೊಂದು ಹೋಲ್ ಹೊಡದು ಬೋಲ್ಟ್ ಹಾಕ್ತೀನಿ. ಏರಸಾಕ, ಇಳಸಾಕ ಬರ್ತದ."

"ಯಾಕಲೇ, ನನ್ನ ಅಳತಿ ಮ್ಯಾಲ ನಂಬಿಗಿ ಇಲ್ಲೇನು?"

"ಹಂಗಲ್ರಿ..." ಎಂದು ಇವಳ ಮುಖ ನೋಡಿದ. ಇವಳು ಗೋಡೆಗೆ ಒರಗಿಸಿದ್ದ ಗೇಟು ನೋಡುತ್ತಿದ್ದಳು. ಹೋಲು ಹೊಡೆಯಲಿ ಬಿಡು ಅಂದೆ. ಹುಡುಗನಿಗೆ ಬೇಜಾರಾಗುವುದು ಬೇಡ.

ಜೂನ್ ೧೯, ಗುರುವಾರ

ಸ್ಟ್ಯಾಂಡ್ ಬಂತು. ಗಟ್ಟಿಮುಟ್ಟಾಗಿದೆ. ಸಿದ್ದರಾಮನೇ ಮಷೀನು ಎತ್ತಿ ಕೂಡಿಸಿ, ಮನ್ಮಥಪ್ಪನ ಜಾಲಿಯಿಂದ ಬ್ಲೇಡು ಬಿಡಿಸಿ, ಜಾಲಿಯನ್ನು ಗೋಡೆಗೆ ಆನಿಸಿಟ್ಟ. ಇವಳು ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಳು.

ಪ್ರತಿ ದಸರೆಗೆ ಖಂಡೇಪೂಜೆ ಮಾಡಿಸಿಕೊಂಡ ಮಷೀನು ಅದು. ಅದರ ಮುಂದೆ ನಾನು ಎಂದೂ ಚಪ್ಪಲಿ ಹಾಕಿ ನಿಂತವನಲ್ಲ. ಕಾಲಿಗೆ ಕಟ್ಟುವ ಪಟ್ಟಿ, ಬೂಟು ಎರಡನ್ನೂ ಬಾಗಿಲ ಹೊರಗೇ ಬಿಟ್ಟೆ. ಪಟ್ಟಿ ಇಲ್ಲದೆ ಬಲಪಾದ ಜೋತು ಬೀಳುತ್ತದೆ, ತಾಂಡೂರ ಬಂಡೆಯ ನೆಲ ತಣ್ಣಗಿದೆಯೋ ಬಿಸಿಯಿದೆಯೋ ಅದಕ್ಕೆ ತಿಳಿಯುವುದಿಲ್ಲ. ಇರಲಿ, ಎಡಗಾಲಿನ ಮೇಲೆ ಭಾರ ಬಿಟ್ಟು ನಿಂತೆ. ಒಂದು ಚೂರು ಪ್ಲೈವುಡ್ ಮೇಲೆ ನೆಟ್ಟಗೆ ಒಂದು ಗೆರೆ ಎಳೆದುಕೊಂಡು ಮಷೀನು ಹಚ್ಚಿದೆ.

ಗೆರೆ ಬಿಟ್ಟು ಬ್ಲೇಡು ಬಲಕ್ಕೆ ಹೋಯಿತು. ಇನ್ನೊಂದು ಗೆರೆ ಎಳೆದೆ, ಅದೂ ಹೋಯಿತು. ಎತ್ತರ ಹೆಚ್ಚಾಗಿದೆ, ಸಂಶಯವೇ ಇಲ್ಲ. ಭುಜ ಮೇಲೆ ಎದ್ದಾಗ ಕೈಗೆ ಹಿಡಿತ ಎಲ್ಲಿಂದ ಬರಬೇಕು?

ಜೂನ್ ೨೧, ಶನಿವಾರ

ಒಂದು ಹೋಲು ಇಳಿಸಿಕೊಂಡೆ. ಬೋಲ್ಟು ಬಿಚ್ಚಿದವಳು ಇವಳೇ, ಪಾನಾ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಈಗ ಸೊಂಟ ನೋಯುತ್ತದೆ. ಗೆರೆ ಮತ್ತೆ ತಪ್ಪಿತು.

ಜೂನ್ ೨೪, ಮಂಗಳವಾರ

ಎರಡು ಹೋಲು ಏರಿಸಿದೆವು. ಇದೂ ಅಲ್ಲ.

ಜೂನ್ ೩೦, ಸೋಮವಾರ

ಸಿಕ್ಕಿತು! ಇಷ್ಟು ದಿನ ತಲೆ ಚಚ್ಚಿಕೊಂಡದ್ದಕ್ಕೆ ಕಾರಣ ಸಿಕ್ಕಿತು. ಬೆಳಿಗ್ಗೆ ನೇಹಾ ಬಂದಾಗ ಬೂಟು ಹಾಕಿಸಿಕೊಳ್ಳುತ್ತಿದ್ದೆ. ಅದರ ಅಟ್ಟೆ ನೋಡಿದೆ, ಒಂದು ಇಂಚಿಗಿಂತ ದಪ್ಪ. ಸಿದ್ದರಾಮನ ಅಂಗಡಿಯಲ್ಲಿ ಅಳತೆ ಕೊಟ್ಟದ್ದು ಬೂಟು ಹಾಕಿಕೊಂಡು, ಕಾಲಿಗೆ ಪಟ್ಟಿ ಕಟ್ಟಿ ನೆಟ್ಟಗೆ ನಿಂತು. ಮಷೀನಿನ ಮುಂದೆ ನಿಲ್ಲುವುದು ಬರಿಗಾಲಲ್ಲಿ, ಒಂದು ಬದಿಗೆ ವಾಲಿ! ಹೊರದೇಶದವರು ಯಾರೂ ಇಂಥ ತಪ್ಪು ಮಾಡುವುದಿಲ್ಲ, ಅವರು ಬೂಟು ಹಾಕಿಯೇ ಮಷೀನು ನಡೆಸುತ್ತಾರೆ. ಹುಡುಗರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಾರು.

"ಬೂಟ್ ಹಾಕ್ಕೊಂಡೇ ನಿಂದರ್ರಿ ಅಂಕಲ್, ದೇವ್ರು ಏನೂ ಅನ್ನಂಗಿಲ್ಲ" ಅಂದಳು ನೇಹಾ. ದೇವರು ಅನ್ನುವುದಿಲ್ಲ, ಸರಿ. ನನಗೇ ಆಗುವುದಿಲ್ಲ.

ಸಿದ್ದರಾಮನಿಗೆ ಫೋನು ಮಾಡಿ ಕರೆಸಿದೆ. ಬರಿಗಾಲಲ್ಲಿ, ನಾನು ವಾಲಿ ನಿಲ್ಲುವ ಹಾಗೇ ನಿಂತು ಮೊದಲಿಂದ ಅಳತೆ ಕೊಟ್ಟೆ. ಸ್ಟ್ಯಾಂಡಿನ ಹಿಂದಿನ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು ಮಷೀನನ್ನು ಸ್ವಲ್ಪ ನನ್ನ ಕಡೆ ಬಾಗಿಸಿದೆವು, ಬ್ಲೇಡು ಕತ್ತು ಬಗ್ಗಿಸದೆ ಕಾಣಬೇಕು. ಇವಳಿಗೆ ಹೋಳಿಗೆ ಮಾಡಲು ಹೇಳಿದೆ. "ಬೂಟಿಂದೇ ತಪ್ಪು ಅಂದ್ರ ಭಾಳ ಛಲೋ ಆತಲ್ರಿ" ಅಂದಳು. ಮಾತು ಸರಿಯಾಗೇ ಇತ್ತು, ಮುಖ ಮಾತ್ರ ಆ ಕಡೆ ಇತ್ತು.

ಜುಲೈ ೪, ಶುಕ್ರವಾರ

ಎತ್ತರ ಸರಿಯಾಗಿದೆ. ಮೊಣಕೈ ಸರಿಯಾಗಿದೆ. ಭುಜ ಸಡಿಲ, ಕತ್ತು ನೆಟ್ಟಗೆ. ಇವಳು ಸಂತೆಗೆ ಹೋದಾಗ ಎತ್ತರದ ಸ್ಟೂಲ್ ಎಳೆದುಕೊಂಡು ಕೂತೂ ನೋಡಿದೆ.

ಗೆರೆ ತಪ್ಪಿತು.

ಜುಲೈ ೧೩, ರವಿವಾರ

ಬರೆಯಲು ಏನೂ ಇರಲಿಲ್ಲ. ನೇಹಾ ಕೇಳಿದಾಗ ಬರೆಯುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

ಇವತ್ತು ಮನ್ಮಥಪ್ಪ ಬಂದಿದ್ದ. ಬಾಳೆಹಣ್ಣು ತಂದಿದ್ದ. ಅರ್ಧ ಕೊಯ್ದ ಜಾಲಿ ಗೋಡೆಗೆ ಒರಗಿರುವುದನ್ನು ನೋಡಿಯೂ ನೋಡದವನಂತೆ ಕೂತ. ಮಳೆ, ತೊಗರಿ, ಕರಣಕೋಟದ ಸಿಮೆಂಟು, ಎಲ್ಲ ಮಾತಾಡಿದ. ಏಳುವಾಗ ಮಾತ್ರ, "ಮಾಸ್ತರ್ರ, ಅವಸರ ಇಲ್ರಿ. ಅರ್ಧ ಇದ್ರೂ ನಡೀತದ, ನಾ ಹಂಗೇ ಕೂಡಿಸ್ತೀನಿ. ನಿಮ್ಮ ಕೈಯಿಂದು ಅದ, ಅಷ್ಟು ಸಾಕು" ಅಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಹೋದ ಮೇಲೆ ಒಂದು ಕಾರಣ ಬೇಕಿತ್ತು, ಚಹಾದಲ್ಲಿ ಸಕ್ಕರೆ ಹೆಚ್ಚೆಂದು ಇವಳ ಮೇಲೆ ಕೂಗಾಡಿದೆ. ಕಪ್ಪು ಎಸೆಯಲು ನೋಡಿದೆ. ಬಲಗೈಯಿಂದ ಎಸೆದದ್ದು ನನ್ನ ಕಾಲ ಬುಡದಲ್ಲೇ ಬಿತ್ತು. ಇವಳು ಒರೆಸುತ್ತ ಒರೆಸುತ್ತ ನಕ್ಕಳು. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ ಅದು ನಗುವಲ್ಲ, ಅಳು.

ನನಗೆ ಭಯವಾಗುತ್ತಿದೆ. ಸಾವಿನ ಭಯ ಅಲ್ಲ. ಹೀಗೇ ಬಹಳ ವರ್ಷ ಇರಬೇಕಾದೀತು ಎಂಬ ಭಯ.

ಜುಲೈ ೧೫, ಮಂಗಳವಾರ

ಮಧ್ಯಾಹ್ನ ಉಂಡು ಮಲಗಿದ್ದೆ. ಹಿಂದಿನ ಕೋಣೆಯಲ್ಲಿ ಮಷೀನಿನ ಸದ್ದಾಯಿತು. ಕನಸೆಂದುಕೊಂಡೆ. ಸದ್ದು ಒಂದು ಸಲ ಹಗುರಾಯಿತು, ಒಂದು ಸಲ ಗಂಟಲು ಕಟ್ಟಿದ ಹಾಗೆ ಭಾರವಾಯಿತು. ಹಲಗೆ ಒತ್ತಿ ಹಿಡಿದು ತಳ್ಳುವವರ ಸದ್ದು ಅದು, ಹೊಸ ಹುಡುಗರೆಲ್ಲ ಮಾಡುವ ತಪ್ಪು. ಮಲಗಿದಲ್ಲಿಂದಲೇ ಕೂಗಿದೆ: "ತಳ್ಳಬ್ಯಾಡ! ಬ್ಲೇಡಿಗಿ ತಿನ್ನಾಕ ಬಿಡು!"

ಸದ್ದು ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಶುರುವಾಯಿತು, ಈ ಸಲ ಮೆತ್ತಗೆ. ನಾನು ಕೇಳುತ್ತ ಮಲಗಿದ್ದೆ. ಮುಗಿಯುವ ತನಕ ನಿದ್ದೆ ಬರಲಿಲ್ಲ.

ಸಂಜೆ ಕೇಳಿದರೆ, "ನೀವು ಎತ್ತರ ಸರಿ ಇಲ್ಲ, ಎತ್ತರ ಸರಿ ಇಲ್ಲ ಅಂತಿದ್ರಲ್ಲ, ಏನ್ ಆಗ್ಯದ ಅಂತ ನೋಡ್ಲತ್ತಿದ್ದೆ" ಅಂದಳು. ಬೆರಳಿನ ತುದಿಗೆ ಪ್ಲೈವುಡ್ಡಿನ ಧೂಳು ಹತ್ತಿತ್ತು.

ಜುಲೈ ೧೮, ಶುಕ್ರವಾರ

ನನ್ನ ಮಷೀನನ್ನು ಯಾರೋ ಕೆಡಿಸುವುದನ್ನು ಮಲಗಿ ಕೇಳುತ್ತಿರಲು ಆಗುವುದಿಲ್ಲ, ಅದಕ್ಕೇ ಎದ್ದು ಹೋಗಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬೇರೆ ಕಾರಣ ಇಲ್ಲ.

ಸ್ಟ್ಯಾಂಡ್ ಇರುವುದು ನನ್ನ ಎತ್ತರಕ್ಕೆ. ಇವಳು ಊಟಕ್ಕೆ ಹಾಕುವ ಮಣೆಗಳಲ್ಲಿ ಎರಡು ತಂದು, ಒಂದರ ಮೇಲೊಂದು ಇಟ್ಟು ಅದರ ಮೇಲೆ ನಿಲ್ಲುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ತೆಗೆಯದೆ ಮೊಣಕೈ ತನಕ ಏರಿಸಿ, ಕನ್ನಡಕ ಮೂಗಿನ ತುದಿಗೆ ಇಟ್ಟುಕೊಂಡು. ಕಣ್ಣು ಇರಬೇಕಾದದ್ದು ಬ್ಲೇಡಿನ ಮೇಲಲ್ಲ, ಅದರ ಮುಂದಿನ ಗೆರೆಯ ಮೇಲೆ ಎಂದೆ. "ಗೊತ್ತದ್ರಿ, ಸೂಜಿ ನೋಡ್ಕೋತ ಹೊಲೀತಾರೇನು ಯಾರಾದ್ರೂ?" ಅಂದಳು. ತಿರುವಿನಲ್ಲಿ ಅವಸರ ಮಾಡಬೇಡ ಎಂದೆ. ಮಾಡಲಿಲ್ಲ. ಬ್ಲೌಜಿನ ಕಂಕುಳ ತಿರುವು ತಿರುಗಿಸಿದ ಹಾಗೆ ಹಲಗೆ ತಿರುಗಿಸಿದಳು, ಬ್ಲೇಡಿನ ಬಿಸಿಗೆ ಮೂಲೆಯಲ್ಲಿ ಮರ ಒಂದು ಚೂರೂ ಸುಡಲಿಲ್ಲ.

ಹಾಗೆಂದು ತಪ್ಪುಗಳೇ ಇಲ್ಲ ಎಂದಲ್ಲ. ಮೋಟರು ಬಂದ್ ಮಾಡುವ ಮೊದಲೇ ಹಲಗೆ ಎತ್ತುತ್ತಾಳೆ. ಬ್ಲೇಡು ಬಿಗಿ ಮಾಡಿದ ಮೇಲೆ ಬೆರಳಿಂದ ಮೀಟಿ ಸದ್ದು ಕೇಳಬೇಕು, ಅದನ್ನು ಮರೆಯುತ್ತಾಳೆ. ಊಟದ ಹೊತ್ತು ದಾಟಿದ್ದು ಇಬ್ಬರಿಗೂ ತಿಳಿಯಲಿಲ್ಲ. ರೊಟ್ಟಿ ಆರಿಹೋಗಿತ್ತು. ಚೆನ್ನಾಗಿಯೇ ಇತ್ತು.

ಜುಲೈ ೨೨, ಮಂಗಳವಾರ

ನಾನು ಎಡಗೈಯಿಂದ ಎಲೆ ಬರೆದುಕೊಟ್ಟೆ, ಜಗದೇವಿ ಕೊಯ್ದಳು. ಆಮೇಲೆ ಹೂವು. ಎಡಗೈ ಗೆರೆ ನಡುಗುತ್ತದೆ, ಅವಳು ಕೊಯ್ಯುವಾಗ ನಡುಕ ಬಿಟ್ಟು ಗೆರೆ ಮಾತ್ರ ಕೊಯ್ಯುತ್ತಾಳೆ. ಅದು ಹೇಗೆ ಗೊತ್ತಾಯಿತು ಎಂದರೆ, "ನಿಮ್ಮ ಗೆರಿ ನನಗ ಗೊತ್ತಿಲ್ಲೇನ್ರಿ?" ಅನ್ನುತ್ತಾಳೆ.

ನೇಹಾ ನನ್ನ ರಕ್ತದ ಒತ್ತಡ ನೋಡಿ, ಎಷ್ಟೋ ಇಳಿದಿದೆ, ಏನು ಮಾಡಿದಿರಿ ಅಂದಳು. ಹೊಸ ಮಾತ್ರೆ ಹಿಡಿದಿರಬೇಕು.

ಜುಲೈ ೨೬, ಶನಿವಾರ

ಶ್ರಾವಣ ಹತ್ತಿತು. ಬೆಳಿಗ್ಗೆ ಸ್ನಾನ ಮಾಡಿ, ಕೋಲು ಬಿಟ್ಟು, ಗೋಡೆ ಹಿಡಿದುಕೊಂಡು ಹೋಗಿ ಮನ್ಮಥಪ್ಪನ ಜಾಲಿಯನ್ನು ನಾನೇ ಎತ್ತಿದೆ. ಎಡಗೈ ಎತ್ತಿತು, ಬಲಗೈ ಜೊತೆಗಿತ್ತು ಅಷ್ಟೇ. ಮಷೀನಿನ ಮೇಲೆ ಇಟ್ಟೆ. ನಾನು ನಿಲ್ಲಿಸಿದ ಜಾಗದಲ್ಲಿ ಬಳ್ಳಿ ಒಂದು ತಿರುವಿನ ನಡುವೆ ಕಡಿದಿದೆ. ಆ ತಿರುವನ್ನು ಬೆರಳಿಂದ ಮುಟ್ಟಿ ನೋಡಿದೆ.

ಜಗದೇವಿ ಬಾಗಿಲಲ್ಲಿ ನಿಂತು, "ಏನ್ರಿ, ಇವತ್ತ ನೀವ ಹಚ್ತೀರೇನು?" ಅಂದಳು. ಆ ದನಿಯಲ್ಲಿ ಆಸೆ ಇತ್ತು, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನೀ ಹಚ್ಚು" ಅಂದೆ.

"ನಿಮ್ಮ ಕೆಲಸ ಇದು. ನಾ ಕೆಡಿಸಿದ್ರ?"

"ನಾ ಹಚ್ಚಿದ್ರ ಕೆಡೂದು ಖಾತ್ರಿ. ನೀ ಹಚ್ಚಿದ್ರ ಖಾತ್ರಿ ಇಲ್ಲ."

ಅವಳು ಮಣೆಗಳ ಮೇಲೆ ಹತ್ತಿದಳು. ಬ್ಲೇಡನ್ನು ಹಳೆಯ ಸೀಳಿನಲ್ಲಿ ಇಳಿಸಿ, ಬಿಗಿ ಮಾಡಿ, ಮೀಟಿ ಸದ್ದು ಕೇಳಿದಳು. ಕಡಿದ ತಿರುವಿನಿಂದ ಬಳ್ಳಿ ಮುಂದೆ ಹೋಯಿತು. ನಾನು ಬಿಟ್ಟದ್ದು ಎಲ್ಲಿ, ಅವಳು ಹಿಡಿದದ್ದು ಎಲ್ಲಿ ಎಂದು ಹುಡುಕಿದೆ. ಕಾಣುತ್ತದೆ, ನನಗೆ ಕಾಣುತ್ತದೆ. ಬೇರೆಯವರಿಗೆ ಕಾಣಲಿಕ್ಕಿಲ್ಲ. ನನಗೆ ಅಳು ಬಂತು. ದುಃಖ ಎಷ್ಟು, ಬೇರೆಯದು ಎಷ್ಟು ಎಂದು ಲೆಕ್ಕ ಹಾಕಲು ಹೋಗಲಿಲ್ಲ.

ಆಮೇಲೆ ಒಂದು ಘಟನೆ ಆಯಿತು. ಹಲಗೆ ತಿರುಗಿಸಲು ಪಕ್ಕಕ್ಕೆ ವಾಲಿದಾಗ ಮೇಲಿನ ಮಣೆ ಜಾರಿತು. ಬಿದ್ದಳೇ ಅಂದುಕೊಂಡೆ. ಸ್ಟ್ಯಾಂಡ್ ಹಿಡಿದು ನಿಂತಳು, ಬ್ಲೇಡು ತಟ್ಟನೆ ಮುರಿಯಿತು, ಹಲಗೆಗೆ ಏನೂ ಆಗಲಿಲ್ಲ. ಅವಳು ನಕ್ಕಳು. ನನ್ನ ಎದೆ ಮಾತ್ರ ಸಂಜೆ ತನಕ ಹೊಡೆದುಕೊಂಡಿತು. ಆ ಕೋಣೆಯಲ್ಲಿ ಒಬ್ಬರು ಬಿದ್ದದ್ದು ಸಾಕು. ಸಿದ್ದರಾಮನಿಗೆ ಬರಲು ಹೇಳಿದ್ದೇನೆ.

ಜುಲೈ ೩೦, ಬುಧವಾರ

ಸಿದ್ದರಾಮ ಟೇಪು ಹಿಡಿದುಕೊಂಡು ಅಭ್ಯಾಸದಿಂದ ನನ್ನ ಕಡೆಗೇ ಬಂದ. "ಈ ಸಲ ಎಷ್ಟ್ ಇಳಸ್ಲಿ ಸರ್?"

"ನಂದಲ್ಲ, ಅಕ್ಕೋರ ಅಳತಿ ತಗೋ" ಅಂದೆ.

ಅವನು ನಿಂತಲ್ಲೇ ನಿಂತ. ಟೇಪು ಕೊಡು ಎಂದು ನಾನೇ ಇಸಿದುಕೊಂಡೆ. ಹೊಲಿಗೆ ಮಷೀನಿನ ಸ್ಟೂಲ್ ತರಿಸಿ ಅದರ ಮೇಲೆ ಜಗದೇವಿಯನ್ನು ಕೂಡಿಸಿ, ಮೊಣಕೈ ಮಡಚು ಎಂದೆ. ಟೇಪಿನ ತುದಿ ಸಿದ್ದರಾಮ ನೆಲಕ್ಕೆ ಒತ್ತಿದ, ಇನ್ನೊಂದು ತುದಿ ನಾನು ಹಿಡಿದೆ. ಕೂತರೆ ಅವಳ ಮೊಣಕೈ ಎಷ್ಟು ಕೆಳಗಿರುತ್ತದೆ ಎಂಬುದು ಇಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ. ಕೊನೆಯ ಹೋಲಿಗೆ ಇಳಿಸಿದರೂ ಅಷ್ಟು ಕೆಳಗೆ ಬರುವುದಿಲ್ಲ.

"ಸ್ಟ್ಯಾಂಡಿನ ಕಾಲ್ ಕೊಯ್ಯಬೇಕಾಗ್ತದ್ರಿ ಸರ್. ಕೊಯ್ದ್ರ ಮತ್ತ ನಿಮ್ಮ ಎತ್ತರಕ್ಕ ಬರಂಗಿಲ್ಲ."

"ಕೊಯ್ಯಿ."

ಅವನು ಗ್ರೈಂಡರಿಗೆ ವೈರು ಹಚ್ಚಿದ. ಜಗದೇವಿ ಎದ್ದು ಹೋಗಿ ಸ್ಟ್ಯಾಂಡಿನ ಪೈಪಿನ ಮೇಲೆ ಕೈ ಇಟ್ಟಳು. "ಕೊಯ್ಯಬ್ಯಾಡ ಸಿದ್ದರಾಮ. ಕೊನೀ ಹೋಲಿಗಿ ಇಳಸು, ಸಾಕು. ನಾ ನಿಂತೇ ಮಾಡ್ತೀನಿ."

"ಕೂತ್ಕೊಂಡು ಮಾಡಬೇಕು ಅಂದಾಕಿ ನೀನೇ ಅಲ್ಲೇನು?" ಅಂದೆ.

"ಅಂದಿದ್ದೆ. ಈಗ ಬ್ಯಾಡ ಅನ್ಲತ್ತೀನಿ. ನೀವು ನಿಂದ್ರೂ ದಿನ ಬಂದ್ರ ಏರಸಾಕ ಬರಬೇಕು."

"ನಾ ಇನ್ನ ನಿಂದ್ರಂಗಿಲ್ಲ, ಜಗದೇವಿ" ಅಂದೆ. ತೊದಲದೆ ಬಂತು ಮಾತು. "ಎತ್ತರ ಎಲ್ಲಾ ಬರೋಬರಿ ಇತ್ತು. ಕೈಯಾಗ ಕಸುವು ಇಲ್ಲ."

ಸಿದ್ದರಾಮ ನೆಲ ನೋಡುತ್ತಿದ್ದ. ಜಗದೇವಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ, ಅವಳ ಮುಖದಲ್ಲಿ ಅಚ್ಚರಿ ಇರಲಿಲ್ಲ. ಪೈಪಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಹಂಗಾರ ಈ ಮಷೀನ್ ಈಗ ಯಾರದು?" ಅಂದಳು.

"ನಿಂದು."

"ನಂದಾದ್ರ, ಕಾಲ್ ಕೊಯ್ಯೂದು ಬಿಡೂದು ನಾ ಹೇಳ್ತೀನಿ. ನೀವು ಸುಮ್ನ ಕೂಡ್ರಿ."

ಎಷ್ಟು ದಿನಗಳಾಗಿದ್ದವು ಅವಳು ನನಗೆ ಹೀಗೆ ಎದುರು ಮಾತಾಡಿ! ಸಿದ್ದರಾಮನಿಗೆ ನಗು ತಡೆಯಲಾಗಲಿಲ್ಲ, ನನ್ನ ಮುಖ ನೋಡಿ ನುಂಗಿಕೊಂಡ, ಆಮೇಲೆ ನಾನೇ ನಗುತ್ತಿದ್ದೇನೆಂದು ತಿಳಿದು ಗ್ರೈಂಡರು ಚೀಲಕ್ಕೆ ಹಾಕಿದ. ಕೊನೆಯ ಹೋಲಿಗೆ ಇಳಿಸಿ ಬೋಲ್ಟು ಬಿಗಿದು, ಝರಾಸಂಗದ ಬಸ್ಸು ತಪ್ಪೀತೆಂದು ಚಹಾ ಕೂಡ ಕುಡಿಯದೆ ಹೋದ.

ಜಗದೇವಿ ತಾಂಡೂರ ಬಂಡೆಯ ಮೇಲೆ ಬರಿಗಾಲೂರಿ ನಿಂತಳು. ಎತ್ತರ ಅವಳಿಗೆ ಸರಿಹೋಯಿತು. ಮನ್ಮಥಪ್ಪನ ಜಾಲಿಯಲ್ಲಿ ಇನ್ನು ಒಂದು ಗಿಳಿ, ಎರಡು ಎಲೆ ಉಳಿದಿವೆ. ಗಿಳಿಯ ಕೊಕ್ಕಿನ ತಿರುವು ಬಹಳ ಸಣ್ಣದು, ಅಲ್ಲಿ ಹಲಗೆಯನ್ನು ನಿಲ್ಲಿಸಿ ತಿರುಗಿಸಬೇಕು. ನಾಳೆ ಬೆಳಕಿರುವಾಗ ಅದನ್ನು ಹೇಳಿಕೊಡಬೇಕು.